ಒಂದು ಮಾತ್ರೆ, ಒಂದು ಅಕ್ಷರ

2019ರ ಮೇ 16. ಅಮೆರಿಕದ ಕೆಳಮನೆಯ ಸಮಿತಿಯೊಂದರ ಎದುರು ಗಿಲಿಯಡ್ ಔಷಧ ಕಂಪನಿಯ ಮುಖ್ಯಸ್ಥ ಡೇನಿಯಲ್ ಓಡೇ ಕೂತಿದ್ದರು. ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ನೇರವಾಗಿ ಕೇಳಿದರು: ಎಚ್‌ಐವಿ ತಗಲದಂತೆ ತಡೆಯುವ ಟ್ರುವಾಡ ಮಾತ್ರೆಗೆ ಇಲ್ಲಿ ತಿಂಗಳಿಗೆ ಸುಮಾರು 2,000 ಡಾಲರ್, ಆಸ್ಟ್ರೇಲಿಯಾದಲ್ಲಿ 8 ಡಾಲರ್. ಯಾಕೆ? ಅಮೆರಿಕದಲ್ಲಿ ಪೇಟೆಂಟ್ ಇನ್ನೂ ಇದೆ, ಬೇರೆಡೆ ಅದರ ಜೆನೆರಿಕ್ ಸಿಗುತ್ತದೆ ಎಂದು ಓಡೇ ಉತ್ತರಿಸಿದರು.

ಆ ‘ಬೇರೆಡೆ’ಯಲ್ಲಿ ಭಾರತವೂ ಇತ್ತು. ಮಾತ್ರೆಯ ಎರಡು ಔಷಧಗಳಲ್ಲಿ ಒಂದಾದ ಟೆನೊಫೊವಿರ್ ಮೇಲೆ ಗಿಲಿಯಡ್ ಕೇಳಿದ್ದ ಪೇಟೆಂಟನ್ನು ನಮ್ಮ ಪೇಟೆಂಟ್ ಕಚೇರಿ 2009ರಲ್ಲಿ ತಿರಸ್ಕರಿಸಿತ್ತು. ಅದಕ್ಕೂ ಮೊದಲೇ, 2001ರಲ್ಲಿ, ಮುಂಬೈನ ಸಿಪ್ಲಾ ಏಡ್ಸ್ ಚಿಕಿತ್ಸೆಯ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಹೇಳಿ ಜಗತ್ತನ್ನು ಬೆಚ್ಚಿಬೀಳಿಸಿತ್ತು. ಆಗ ಪಶ್ಚಿಮದ ದರ 10,000 ಡಾಲರಿಗೂ ಮೇಲೆ.

ಟ್ರುವಾಡ 2004ರಿಂದಲೂ ಚಿಕಿತ್ಸೆಗೆ ಬಳಕೆಯಲ್ಲಿತ್ತು. ಸೋಂಕನ್ನೂ ತಡೆಯುತ್ತದೆಂದು 2010ರಲ್ಲಿ ತೋರಿಸಿಕೊಟ್ಟ ಪ್ರಯೋಗಕ್ಕೆ ದುಡ್ಡು ಹಾಕಿದ್ದು ಮುಖ್ಯವಾಗಿ ಅಮೆರಿಕ ಸರ್ಕಾರ ಮತ್ತು ಗೇಟ್ಸ್ ಫೌಂಡೇಶನ್. 2012ರ ಜುಲೈನಲ್ಲಿ ಈ ಬಳಕೆಗೆ ಅನುಮತಿಯೂ ಸಿಕ್ಕಿತು. ತೆರಿಗೆ ಕಟ್ಟಿದವರೇ ಮತ್ತೆ ಅಂಗಡಿಯಲ್ಲಿ ದುಡ್ಡು ಎಣಿಸಬೇಕಾಯಿತು.

ವಿಮೆ ಇದ್ದವರ ಪಾಡೂ ಸುಲಭವಿರಲಿಲ್ಲ. ಹಲವು ಪಾಲಿಸಿಗಳಲ್ಲಿ ವರ್ಷದ ಮೊದಲ ಕೆಲವು ಸಾವಿರ ಡಾಲರನ್ನು ರೋಗಿಯೇ ಕೈಯಿಂದ ಕಟ್ಟಬೇಕು, ಆಮೇಲಷ್ಟೇ ವಿಮೆಯ ಸರದಿ. ಆ ಮೊತ್ತ ತುಂಬಲು ಕಂಪನಿ ಕೂಪನ್ ಕಾರ್ಡ್ ಕೊಡುತ್ತಿತ್ತು. 2018ರ ಹೊತ್ತಿಗೆ ಕೆಲವು ವಿಮಾ ಕಂಪನಿಗಳು ಕೂಪನ್ ದುಡ್ಡನ್ನು ಲೆಕ್ಕಕ್ಕೇ ಹಿಡಿಯದಾದವು. ಕಾರ್ಡು ಖಾಲಿಯಾದ ತಿಂಗಳು ಔಷಧದಂಗಡಿಯ ಕೌಂಟರಿನಲ್ಲಿ ಪೂರ್ತಿ ಬಿಲ್ಲು ಎದುರಾಗುತ್ತಿತ್ತು. ಜ್ವರ ಬಂದವನು ಸಾಲ ಮಾಡಿಯಾದರೂ ಔಷಧ ಕೊಳ್ಳುತ್ತಾನೆ; ಇನ್ನೂ ಬಾರದ ರೋಗಕ್ಕೆ ಯಾರು ಸಾಲ ಮಾಡುತ್ತಾರೆ? ವಿಮೆಯಿಲ್ಲದ, ಆದಾಯ ಕಡಿಮೆಯಿದ್ದವರಿಗೆ ಕಂಪನಿಯ ಉಚಿತ ಯೋಜನೆಯಿತ್ತು. ಅದರಲ್ಲಿ ಮಾತ್ರೆ ಸಿಗುತ್ತಿತ್ತು, ಮೂರು ತಿಂಗಳಿಗೊಮ್ಮೆ ಮಾಡಿಸಲೇಬೇಕಾದ ರಕ್ತಪರೀಕ್ಷೆಯ ಖರ್ಚು ಬೇರೆ.

ಇದನ್ನು ಬದಲಿಸಿದ್ದು ಒಂದು ಅಕ್ಷರ. ರೋಗ ತಡೆಯುವ ಸೇವೆಗಳನ್ನು ಅಳೆದು ದರ್ಜೆ ಕೊಡುವ ತಜ್ಞರ ಕಾರ್ಯಪಡೆ ಅಮೆರಿಕದಲ್ಲಿದೆ. ಅದು ‘ಎ’ ಅಥವಾ ‘ಬಿ’ ಕೊಟ್ಟ ಸೇವೆಗೆ ಹೆಚ್ಚಿನ ಖಾಸಗಿ ವಿಮೆಗಳು ರೋಗಿಯಿಂದ ಒಂದು ಡಾಲರನ್ನೂ ಪಡೆಯುವಂತಿಲ್ಲ ಎನ್ನುತ್ತದೆ 2010ರ ಒಬಾಮಾ ಕಾಲದ ಕಾಯ್ದೆ. 2019ರ ಜೂನ್‌ನಲ್ಲಿ ಈ ಔಷಧಕ್ಕೆ ‘ಎ’ ಬಂತು. ಪರೀಕ್ಷೆ, ವೈದ್ಯರ ಭೇಟಿಯೂ ಉಚಿತವೆಂದು 2021ರಲ್ಲಿ ಸರ್ಕಾರ ಸ್ಪಷ್ಟಪಡಿಸಿತು. ಅದೇ ವರ್ಷ ಹಲವು ಜೆನೆರಿಕ್‌ಗಳು ಬಂದು, ತಿಂಗಳ ಮಾತ್ರೆ 30 ಡಾಲರಿನ ಆಸುಪಾಸಿಗೆ ಇಳಿಯಿತು.

ಧಾರ್ಮಿಕ ಕಾರಣ ಮುಂದಿಟ್ಟು ಟೆಕ್ಸಾಸಿನ ಉದ್ಯಮಿಯೊಬ್ಬರ ಸಂಸ್ಥೆ ಮತ್ತು ಇತರರು ಕೋರ್ಟಿಗೆ ಹೋದರು. ಆ ಕಾರ್ಯಪಡೆಯ ನೇಮಕವೇ ಸಂವಿಧಾನಬಾಹಿರ ಎಂಬುದು ಅವರ ವಾದ. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ವಾದವನ್ನು ತಳ್ಳಿಹಾಕಿತು. ಆದರೆ ಅದಕ್ಕೆ ಕೊಟ್ಟ ಕಾರಣ, ಸದಸ್ಯರನ್ನು ಆರೋಗ್ಯ ಸಚಿವರು ಬೇಕೆಂದಾಗ ತೆಗೆಯಬಹುದು ಎಂಬುದು.

ಅದೇ ಜೂನ್‌ನಲ್ಲಿ ಗಿಲಿಯಡ್‌ನ ಹೊಸ ಔಷಧ ಲೆನಕಾಪವಿರ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆರು ತಿಂಗಳಿಗೊಂದು ಚುಚ್ಚುಮದ್ದು, ವರ್ಷಕ್ಕೆ 28,218 ಡಾಲರ್. ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳ ಜೆನೆರಿಕ್‌ಗೆ ದರ ನಿಗದಿಯಾಯಿತು: 2027ರಿಂದ ಸುಮಾರು 120 ದೇಶಗಳಿಗೆ, ವರ್ಷಕ್ಕೆ 40 ಡಾಲರ್. ಆ ಪಟ್ಟಿಯಲ್ಲಿ ಅಮೆರಿಕ ಇಲ್ಲ.