ಪಶುವೈದ್ಯ ಶಿಕ್ಷಣದಲ್ಲಿ ಪ್ರಾಣಿಜನ್ಯ ರೋಗಗಳ ಅರಿವು: ಒಂದು ಚಾರಿತ್ರಿಕ ಪರ್ಯಾಲೋಚನೆ

1

ಪ್ರಾಣಿಗಳ ರೋಗಗಳಲ್ಲಿ ಕೆಲವು ಮನುಷ್ಯನಿಗೂ ತಗಲುತ್ತವೆಂಬುದು ಹೊಸ ಸಂಗತಿಯಲ್ಲ. ಹುಚ್ಚುನಾಯಿಯ ಕಡಿತದಿಂದ ಒದಗುವ ಮರಣವನ್ನು ನಮ್ಮ ಹಳ್ಳಿಗಳ ಜನ ತಲೆತಲಾಂತರದಿಂದ ಬಲ್ಲರು. ಆದರೆ ಈ ಲೋಕಾನುಭವವು ಪಶುವೈದ್ಯ ವಿದ್ಯಾರ್ಥಿಯ ವ್ಯವಸ್ಥಿತ ಪಾಠವಾಗಿ ಪರಿಣಮಿಸಲು ಬಹುಕಾಲ ಹಿಡಿಯಿತು. ರೋಗಿಷ್ಠ ಪ್ರಾಣಿಯ ಅತ್ಯಂತ ಸಮೀಪದಲ್ಲಿ ನಿಲ್ಲುವವನು, ಅದರ ಬಾಯಿಗೆ ಕೈಯಿಡುವವನು, ಅದರ ಶವವನ್ನು ಕೊಯ್ದು ನೋಡುವವನು ಈ ವಿದ್ಯಾರ್ಥಿಯೇ. ಹಾಗಿದ್ದೂ ಅವನ ಶಿಕ್ಷಣದಲ್ಲಿ ಈ ವಿಷಯವು ತಡವಾಗಿ ಪ್ರವೇಶಿಸಿದುದೇಕೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ.

2

ಯೂರೋಪಿನ ಪ್ರಥಮ ಪಶುವೈದ್ಯ ಶಾಲೆಯು ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿ ಪಾಠಗಳನ್ನು ಆರಂಭಿಸಿತು. ಅದರ ಸ್ಥಾಪಕ ಕ್ಲಾಡ್ ಬೂರ್ಜೆಲಾ ಅಶ್ವವಿದ್ಯೆಯಲ್ಲಿ ನಿಷ್ಣಾತನಾದವನು. ಕುದುರೆಗಳ ಆರೈಕೆ ಮತ್ತು ದನಕರುಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ದೊಡ್ಡರೋಗದ ನಿವಾರಣೆ, ಇವೆರಡೇ ಆ ಶಾಲೆಯ ಹುಟ್ಟಿಗೆ ಮುಖ್ಯ ಪ್ರೇರಣೆಗಳಾಗಿದ್ದುವು.

ಭಾರತದಲ್ಲಿಯೂ ಚರಿತ್ರೆ ಇದೇ ಜಾಡಿನಲ್ಲಿ ನಡೆಯಿತು. 1862ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಶಾಲೆ ಸೈನ್ಯದ ಅಗತ್ಯಕ್ಕಾಗಿ ಹುಟ್ಟಿದುದು. ಅನಂತರ ಲಾಹೋರಿನಲ್ಲಿ 1882ರಲ್ಲಿಯೂ ಮುಂಬಯಿಯಲ್ಲಿ 1886ರಲ್ಲಿಯೂ ಮದರಾಸಿನಲ್ಲಿ 1903ರಲ್ಲಿಯೂ ಪಶುವೈದ್ಯ ವಿದ್ಯಾಲಯಗಳು ತಲೆಯೆತ್ತಿದುವು. 1871ರಲ್ಲಿ ವರದಿಯೊಪ್ಪಿಸಿದ ಜಾನುವಾರು ಪಿಡುಗಿನ ಆಯೋಗವು ದೊಡ್ಡರೋಗದ ಹಾವಳಿಯ ಕಡೆಗೆ ಸರ್ಕಾರದ ಗಮನವನ್ನು ಸೆಳೆದಿತ್ತು. 1889ರಲ್ಲಿ ಪುಣೆಯಲ್ಲಿ ಪ್ರಾರಂಭವಾಗಿ 1893ರಲ್ಲಿ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡ ಸೂಕ್ಷ್ಮಜೀವಿ ಸಂಶೋಧನಾಲಯದ ಪ್ರಧಾನ ಲಕ್ಷ್ಯವೂ ಜಾನುವಾರುಗಳ ಪಿಡುಗುಗಳೇ ಆಗಿದ್ದುವು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ದೊಡ್ಡರೋಗವು ಮನುಷ್ಯನಿಗೆ ತಗಲುವ ರೋಗವಲ್ಲ. ಎತ್ತು ಸತ್ತರೆ ಉಳುಮೆ ನಿಲ್ಲುತ್ತದೆ, ಕುದುರೆ ಸತ್ತರೆ ದಂಡು ನಿಲ್ಲುತ್ತದೆ. ಆಳುವವರ ಲೆಕ್ಕದಲ್ಲಿ ನಷ್ಟವೆಂದರೆ ಇದು. ಪಾಠಕ್ರಮವನ್ನು ರೂಪಿಸಿದುದು ಈ ನಷ್ಟದ ಎಣಿಕೆಯೇ ಹೊರತು ಪ್ರಾಣಿಯನ್ನು ಮುಟ್ಟುವವನ ಕ್ಷೇಮವಲ್ಲ. ಕುದುರೆಗಳ ಗ್ಲ್ಯಾಂಡರ್ಸ್ ರೋಗವು ಮನುಷ್ಯನಿಗೂ ಮಾರಕವೆಂಬುದು ಆಗಲೇ ತಿಳಿದಿತ್ತು. ಆದಾಗ್ಯೂ ಅದನ್ನು ಕುರಿತು 1899ರಲ್ಲಿ ಜಾರಿಗೆ ಬಂದ ಕಾಯಿದೆಯ ದೃಷ್ಟಿಯೆಲ್ಲ ಕುದುರೆಯ ಮೇಲೆಯೇ ನೆಟ್ಟಿತ್ತು. ಅಂದಿನ ಶಿಕ್ಷಕರನ್ನು ನಾವು ನಿಂದಿಸಲಾಗದು. ಅವರು ತಮಗೆ ಒಪ್ಪಿಸಲಾದ ಕಾರ್ಯವನ್ನು ಶ್ರದ್ಧೆಯಿಂದ ನಡೆಸಿದರು. ಕಾರ್ಯದ ಎಲ್ಲೆಯೇ ಕಿರಿದಾಗಿತ್ತು.

3

ಮನುಷ್ಯವೈದ್ಯ ಮತ್ತು ಪಶುವೈದ್ಯಗಳ ನಡುವೆ ಎದ್ದ ಗೋಡೆಯಿಂದ ಒದಗಿದ ಹಾನಿಗೆ ಮಾಲ್ಟಾ ಜ್ವರದ ಚರಿತ್ರೆಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ಬಿಟ್ಟುಬಿಟ್ಟು ಬರುವ ದೀರ್ಘಜ್ವರದಿಂದ ನರಳುತ್ತಿದ್ದರು. ಸೈನ್ಯದ ವೈದ್ಯನಾದ ಡೇವಿಡ್ ಬ್ರೂಸ್ 1887ರಲ್ಲಿ ಮೃತ ಸೈನಿಕರ ಗುಲ್ಮದಿಂದ ರೋಗಕಾರಕ ಜೀವಿಯನ್ನು ಬೇರ್ಪಡಿಸಿದನು. ಆದರೆ ಅದು ಎಲ್ಲಿಂದ ಬರುತ್ತದೆಂಬುದು ತಿಳಿಯಲಿಲ್ಲ. ಹದಿನೆಂಟು ವರ್ಷಗಳ ತರುವಾಯ, 1905ರಲ್ಲಿ, ಮಾಲ್ಟಾದವನೇ ಆದ ವೈದ್ಯ ತೆಮಿಸ್ಟೊಕ್ಲಿಸ್ ಜಮಿಟ್ ಆಡುಗಳ ರಕ್ತವನ್ನು ಪರೀಕ್ಷಿಸಿ ಅವುಗಳಲ್ಲಿ ಸೋಂಕಿನ ಗುರುತನ್ನು ಕಂಡನು. ಆ ಆಡುಗಳು ನೋಟಕ್ಕೆ ಆರೋಗ್ಯವಾಗಿದ್ದುವು, ಹಾಲು ಕೊಡುತ್ತಿದ್ದುವು. ರೋಗವು ಹಾಲಿನಲ್ಲಿಯೇ ಇತ್ತು. ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರವು ಕಡಮೆಯಾಯಿತು.

ಇತ್ತ ಡೆನ್ಮಾರ್ಕಿನಲ್ಲಿ ಬರ್ನ್‌ಹಾರ್ಡ್ ಬ್ಯಾಂಗ್ ಎಂಬ ಪಶುವೈದ್ಯನು ಹಸುಗಳು ಕಂದು ಹಾಕುವ ರೋಗದ ಕಾರಣವನ್ನು 1897ರಲ್ಲಿಯೇ ಕಂಡುಹಿಡಿದಿದ್ದನು. ಬ್ರೂಸನ ಜೀವಿಗೂ ಬ್ಯಾಂಗನ ಜೀವಿಗೂ ನಿಕಟ ಸಂಬಂಧವಿದೆಯೆಂದು ಅಮೆರಿಕದ ಆಲಿಸ್ ಈವನ್ಸ್ 1918ರಲ್ಲಿ ತೋರಿಸುವವರೆಗೆ ಇಪ್ಪತ್ತೊಂದು ವರ್ಷಗಳ ಕಾಲ ಇವೆರಡೂ ಬೇರೆಬೇರೆ ಗ್ರಂಥಗಳಲ್ಲಿ ಬೇರೆಬೇರೆ ರೋಗಗಳಾಗಿ ಉಳಿದಿದ್ದುವು. ಈವನ್ಸ್‌ರ ವಾದವನ್ನು ಅನೇಕ ವಿದ್ವಾಂಸರು ಮೊದಲು ಒಪ್ಪಲಿಲ್ಲ. 1922ರಲ್ಲಿ ಆಕೆಗೇ ಪ್ರಯೋಗಾಲಯದಲ್ಲಿ ಈ ಸೋಂಕು ತಗಲಿ, ವರ್ಷಗಟ್ಟಲೆ ಆಕೆಯನ್ನು ಪೀಡಿಸಿತು. ಇಂದು ಬ್ರುಸೆಲ್ಲೋಸಿಸ್ ಎಂದು ನಾವು ಕರೆಯುವ ರೋಗ ಇದೇ.

ಈ ವೃತ್ತಾಂತದಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ರೋಗವನ್ನು ಹೊತ್ತ ಪ್ರಾಣಿಯು ರೋಗಿಯಂತೆ ಕಾಣಬೇಕಾಗಿಲ್ಲವೆಂಬುದು ಮೊದಲನೆಯದು. ಒಂದೇ ಸತ್ಯದ ಎರಡು ತುಂಡುಗಳನ್ನು ಎರಡು ಶಾಸ್ತ್ರಗಳು ಬೇರೆಬೇರೆಯಾಗಿ ಹಿಡಿದಿದ್ದರೆ ಅವು ಕೂಡುವವರೆಗೆ ಜನರು ನರಳುತ್ತಾರೆಂಬುದು ಎರಡನೆಯದು.

4

ಎರಡನೆಯ ಮಹಾಯುದ್ಧದ ಅನಂತರ ಈ ಗೋಡೆ ಸಡಿಲಗೊಳ್ಳತೊಡಗಿತು. ಅಮೆರಿಕದಲ್ಲಿ ಜೇಮ್ಸ್ ಸ್ಟೀಲ್ ಎಂಬ ಪಶುವೈದ್ಯನ ನೇತೃತ್ವದಲ್ಲಿ 1947ರಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಸಂಬಂಧಿಸಿದ ಪಶುವೈದ್ಯ ವಿಭಾಗವೊಂದು ಸ್ಥಾಪಿತವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 1959ರಲ್ಲಿ, ಕಶೇರುಕ ಪ್ರಾಣಿಗಳಿಗೂ ಮನುಷ್ಯನಿಗೂ ನಡುವೆ ಸ್ವಾಭಾವಿಕವಾಗಿ ಸಂಕ್ರಮಿಸುವ ರೋಗಗಳೂ ಸೋಂಕುಗಳೂ ಪ್ರಾಣಿಜನ್ಯ ರೋಗಗಳೆಂದು ನಿರ್ವಚಿಸಿತು.

ಇದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೇ ಒಂದು ಮಹತ್ತ್ವದ ಘಟನೆ ನಡೆಯಿತು. 1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ಮಲಗಿದರು. ಮಂಗಗಳ ಮರಣವನ್ನು ಕಂಡು, ಏಷ್ಯಾ ಖಂಡದಲ್ಲಿ ಇಲ್ಲದಿದ್ದ ಹಳದಿ ಜ್ವರವೇ ಬಂದಿತೇನೋ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರ ಅನ್ವೇಷಣೆಯಿಂದ ಇದು ಹೊಸದೊಂದು ವೈರಸ್ಸೆಂದೂ, ರಷ್ಯದಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಬಂಧುವೆಂದೂ ತಿಳಿದುಬಂದಿತು. ಕಾಡಿನ ಉಣ್ಣೆ ಅಥವಾ ಉಣುಗುಗಳೇ ಇದರ ವಾಹಕಗಳು. ಮಲೆನಾಡಿನ ಜನರು ಇದಕ್ಕಿಟ್ಟ ಹೆಸರು ಮಂಗನ ಕಾಯಿಲೆ.

ಜನರ ಈ ಹೆಸರಿನಲ್ಲಿ ಸೂಕ್ಷ್ಮವಾದ ಅವಲೋಕನವಿದೆ. ಆದರೆ ಅದರಲ್ಲಿ ಸೇರದೆ ಉಳಿದ ಪ್ರಾಣಿಯೊಂದಿದೆ, ಅದು ದನ. ಬೆಳೆದ ಉಣ್ಣೆಗಳು ಕಾಡಿನಲ್ಲಿ ಮೇಯುವ ದನಗಳ ರಕ್ತವನ್ನು ಹೀರಿ ವೃದ್ಧಿಯಾಗುತ್ತವೆ. ದನಕ್ಕೆ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ; ಆದರೆ ದನವಿಲ್ಲದೆ ಉಣ್ಣೆಗಳ ಸಂಖ್ಯೆ ಅಷ್ಟಾಗಿ ಹೆಚ್ಚುವುದೂ ಇಲ್ಲ. ಕಾಡು ಕಡಿದು ಗದ್ದೆಗಳಾಗಿ, ಹಳ್ಳಿಯ ದನಗಳು ಕಾಡಿನಂಚಿನಲ್ಲಿ ಮೇಯತೊಡಗಿದುದಕ್ಕೂ ಈ ರೋಗದ ಉಲ್ಬಣಕ್ಕೂ ಸಂಬಂಧವಿದೆಯೆಂದು ಹೋರ್ಹೆ ಬೋಶೆಲ್ 1969ರಲ್ಲಿ ಪ್ರತಿಪಾದಿಸಿದನು. ಮಾಲ್ಟಾದ ಆಡಿನಂತೆ ಮಲೆನಾಡಿನ ದನವೂ ತಾನು ನರಳದೆ ಮನುಷ್ಯನ ನರಳಿಕೆಗೆ ಒಂದು ಕಾರಣವಾಗುತ್ತದೆ. ಇದು ಕೇವಲ ಮನುಷ್ಯವೈದ್ಯರು ಬಗೆಹರಿಸಬಹುದಾದ ಸಮಸ್ಯೆಯಲ್ಲವೆಂಬುದು ಸ್ಪಷ್ಟ.

ಕ್ಯಾಸನೂರಿನ ಸಂಶೋಧನೆಯ ಮರುವರ್ಷ, 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾಯಿತು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ. ಆದರೆ ಕರ್ನಾಟಕದ ಪಶುವೈದ್ಯ ಶಿಕ್ಷಣವೂ ಕರ್ನಾಟಕದ ಹೆಸರಿನಿಂದ ಲೋಕಪ್ರಸಿದ್ಧವಾದ ಪ್ರಾಣಿಜನ್ಯ ರೋಗವೂ ಸಮವಯಸ್ಕವಾಗಿವೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಲಾಗದು. ರೋಗವಂತೂ ತನ್ನ ಎಲ್ಲೆಯನ್ನು ವಿಸ್ತರಿಸುತ್ತಲೇ ಬಂದಿದೆ. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳ ಶವಗಳನ್ನು ಮುಟ್ಟಿ ಸುಟ್ಟ ಕೆಲಸಗಾರರು ಕಾಯಿಲೆ ಬಿದ್ದರು. ಸಾಗರ ತಾಲ್ಲೂಕಿನ ಅರಳಗೋಡು ಪ್ರದೇಶವು 2018ರ ಕೊನೆಯಿಂದ ತೀವ್ರವಾದ ಹಾವಳಿಗೆ ಒಳಗಾಯಿತು. 1990ರಿಂದ ಬಳಕೆಯಲ್ಲಿದ್ದ ಲಸಿಕೆಯನ್ನು, ಅದರ ಪರಿಣಾಮ ಸಾಲದೆಂದು ಕಂಡುಬಂದುದರಿಂದ, 2022ರಲ್ಲಿ ನಿಲ್ಲಿಸಲಾಯಿತು.

5

1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ತರುವಾಯ ದೇಶದ ಪಶುವೈದ್ಯ ಪದವಿಗೆ ಏಕರೂಪದ ಪಾಠಕ್ರಮವು ಏರ್ಪಟ್ಟು, ಪಶುವೈದ್ಯ ಸಾರ್ವಜನಿಕ ಆರೋಗ್ಯವು ಅದರಲ್ಲಿ ಸ್ವತಂತ್ರ ವಿಷಯವಾಗಿ ಸ್ಥಾನ ಪಡೆಯಿತು. ಹೀಗಿರುವಲ್ಲಿ ಅರಿವಿನ ಕೊರತೆಯ ಮಾತೇಕೆ ಎಂದು ಕೆಲವರು ಕೇಳಬಹುದು.

ಅರಿವೆಂಬುದಕ್ಕೆ ಮೂರು ಮೆಟ್ಟಿಲುಗಳಿವೆಯೆಂದು ನಮ್ಮ ಅಭಿಪ್ರಾಯ. ರೋಗದ ಹೆಸರನ್ನು ಬಲ್ಲುದು ಮೊದಲನೆಯದು. ಅದು ಹರಡುವ ಮಾರ್ಗವನ್ನು ಬಲ್ಲುದು ಎರಡನೆಯದು. ಆ ಮಾರ್ಗದಲ್ಲಿ ತಾನೇ ನಿಂತಿದ್ದೇನೆಂದು ಬಲ್ಲುದು ಮೂರನೆಯದು. ಪರೀಕ್ಷೆಯ ಉತ್ತರಪತ್ರಿಕೆಯು ಮೊದಲೆರಡನ್ನು ಅಳೆಯಬಲ್ಲದು. ಮೂರನೆಯದನ್ನು ಅಳೆಯುವುದು ಕೊಟ್ಟಿಗೆ. ಬ್ರುಸೆಲ್ಲೋಸಿಸ್ ಕುರಿತು ನಾಲ್ಕು ಪುಟ ಬರೆದ ವಿದ್ಯಾರ್ಥಿಯೇ ರಾತ್ರಿಯ ವೇಳೆ ಹಳ್ಳಿಯೊಂದರಲ್ಲಿ ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ತೆಗೆಯಲು ಮುಂದಾದರೆ, ಅವನಿಗೆ ಪಾಠ ಬಂದಿದೆ, ಅರಿವು ಬಂದಿಲ್ಲವೆಂದೇ ಹೇಳಬೇಕು. ಸುತ್ತ ನಿಂತ ಮನೆಯವರ ಆತುರ, ಕೈಗವಸು ಇಲ್ಲದ ಚೀಲ, ಹಿರಿಯರು ಹಾಗೆಯೇ ಮಾಡುತ್ತಿದ್ದರೆಂಬ ರೂಢಿ, ಇವೆಲ್ಲ ಪುಸ್ತಕಕ್ಕಿಂತ ಪ್ರಬಲವಾದ ಶಿಕ್ಷಕರು.

2019ರಲ್ಲಿ ಕೇಂದ್ರ ಸರ್ಕಾರವು ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ನಿಯಂತ್ರಣಕ್ಕಾಗಿ ರಾಷ್ಟ್ರವ್ಯಾಪಿ ಕಾರ್ಯಕ್ರಮವೊಂದನ್ನು ಪ್ರಾರಂಭಿಸಿತು. ಅದರಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕಲಾಗುತ್ತದೆ. ಈ ಲಸಿಕೆಯು ಜೀವಂತ ಸೂಕ್ಷ್ಮಜೀವಿಗಳಿಂದ ಕೂಡಿದುದು. ಕರು ಕೊಸರಿಕೊಂಡು ಸೂಜಿಯು ಕೈಗೆ ಚುಚ್ಚಿದರೆ ಹಾಕುವವನಿಗೇ ಸೋಂಕು ತಗಲಬಹುದು. ರೋಗವನ್ನು ತಡೆಯುವ ಕೆಲಸದಲ್ಲಿಯೇ ರೋಗದ ಅಪಾಯವಿರುವಾಗ, ಅರಿವು ಬೋಧನಾಕೊಠಡಿಗೆ ಸೀಮಿತವಾದರೆ ಸಾಲದು.

6

ಮೇಲಿನ ಪರ್ಯಾಲೋಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಪಶುವೈದ್ಯ ಶಿಕ್ಷಣದಲ್ಲಿ ಪ್ರಾಣಿಜನ್ಯ ರೋಗಗಳ ಪಾಠವು ತಡವಾಗಿ ಬಂದುದು ಜ್ಞಾನದ ಅಭಾವವೊಂದರಿಂದಲೇ ಅಲ್ಲ, ಆ ಶಿಕ್ಷಣವು ಹುಟ್ಟಿದ ಉದ್ದೇಶದಿಂದಲೂ ಹೌದು. ಆದುದರಿಂದ ಪಾಠಕ್ರಮಕ್ಕೆ ಅಧ್ಯಾಯವೊಂದನ್ನು ಸೇರಿಸಿದ ಮಾತ್ರಕ್ಕೆ ಹಳೆಯ ದೃಷ್ಟಿಯು ಬದಲಾಗದು. ಶವಪರೀಕ್ಷೆಯ ಮೊದಲ ದಿನವೇ ಕೈಗವಸು ತೊಡುವ ಅಭ್ಯಾಸವು ಶಸ್ತ್ರ ಹಿಡಿಯುವ ಅಭ್ಯಾಸದಷ್ಟೇ ಮುಖ್ಯವೆಂದು ಗುರುಗಳು ತಾವೇ ತೊಟ್ಟು ತೋರಿಸಬೇಕು. ಕಾಯಿಲೆ ಬಿದ್ದ ವಿದ್ಯಾರ್ಥಿಯು ತಾನು ಯಾವ ಪ್ರಾಣಿಯನ್ನು ಮುಟ್ಟಿದ್ದೆನೆಂದು ವೈದ್ಯನಿಗೆ ಹೇಳಲು ಕಲಿಯಬೇಕು; ಮನುಷ್ಯವೈದ್ಯನಾಗುವವನೂ ಅದನ್ನು ಕೇಳಲು ಕಲಿಯಬೇಕು.

ಬ್ರೂಸನೂ ಬ್ಯಾಂಗನೂ ಕಂಡ ಸತ್ಯಗಳು ಒಂದುಗೂಡಲು ಎರಡು ದಶಕಗಳು ಬೇಕಾದುವು. ಅಂದಿನವರಿಗೆ ಅಜ್ಞಾನದ ನೆಪವಾದರೂ ಇತ್ತು. ಎಲ್ಲವನ್ನೂ ಓದಿ ತಿಳಿದ ಮೇಲೆಯೂ ನಮ್ಮ ತರುಣರು ಬರಿಗೈಯಲ್ಲಿ ಕೊಟ್ಟಿಗೆಯನ್ನು ಪ್ರವೇಶಿಸಿದರೆ ಆ ನೆಪವು ನಮಗೆ ದೊರೆಯದೆಂದು ನಾವು ಭಾವಿಸುತ್ತೇವೆ.