ಕಡಲಿನ ಆಚೆ, ಈಚೆ

ನಮ್ಮ ಹುಲಗೂರಿನ ಸೀಮೆ ಕಡಲನ್ನು ಕಾಣದ್ದು. ಜೋಳ, ಹತ್ತಿಗಳ ಹೊಲಗಳೇ ಇಲ್ಲಿಯ ದಿಗಂತ. ಹೀಗಿರುತ್ತ, ಹೊಸಗನ್ನಡ ಕಾವ್ಯದಲ್ಲಿ ಸಮುದ್ರವನ್ನು ಮನದುಂಬಿ ಹಾಡಿದ ವಿನಾಯಕ ಕೃಷ್ಣ ಗೋಕಾಕರು ನೆರೆಯ ಸವಣೂರಿನಲ್ಲಿಯೇ 1909ರಲ್ಲಿ ಜನಿಸಿದರೆಂಬುದು ನನಗೆ ವಿಸ್ಮಯದ ಸಂಗತಿ.

1936ರಲ್ಲಿ ಅವರು ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ಹೊರಟರು. ಆಗ ಮುಂಬಯಿಯಿಂದ ಸುಯೆಜ್ ಕಾಲುವೆಯ ಮೂಲಕ ಇಂಗ್ಲೆಂಡಿಗೆ ಹಡಗಿನಲ್ಲಿ ಎರಡು ಮೂರು ವಾರಗಳ ದಾರಿ. ವಿದ್ಯಾವ್ಯಾಸಂಗಿಗೆ ಅದು ಬಯಸದೆ ಬಂದ ಬಿಡುವು. ಕಡಲು ಕಂಡ ಕಣ್ಣಿನಿಂದ ‘ಸಮುದ್ರ ಗೀತೆಗಳು’ ಮೂಡಿದವು. ಪರದೇಶವಾಸದಿಂದ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನ. ಈ ಹೆಸರನ್ನು ತುಸು ಗಮನಿಸಬೇಕು. ಇಂಗ್ಲೆಂಡಿನಲ್ಲಿದ್ದವರಿಗೆ ಅದು ‘ಇಲ್ಲಿ’ಯಾಗಬೇಕಿತ್ತು. ಅದನ್ನು ‘ಆಚೆ’ ಎನ್ನಬೇಕಾದರೆ ಮನಸ್ಸು ಮನೆಯ ಅಂಗಳದಲ್ಲಿಯೇ ನಿಂತಿರಬೇಕು.

ಸವಣೂರಿನಲ್ಲಿ ಆಫ್ರಿಕಾ ಮೂಲದ ಪುರಾತನ ಮರಗಳಿವೆ. ಅವಕ್ಕೆ ನಮ್ಮ ಜನ ‘ದೊಡ್ಡ ಹುಣಸೆ’ ಎಂದು ಮನೆಯ ಹೆಸರನ್ನೇ ಇಟ್ಟರು. ಗೋಕಾಕರೂ ಪರದೇಶವನ್ನು ಮನೆಯ ಅಳತೆಯಿಂದಲೇ ಅಳೆದರು. 1938ರಲ್ಲಿ ಮರಳಿ ಬಂದರು.

ಹೊರದೇಶದಲ್ಲಿರುವ ನನ್ನ ಮಗ ಮೊದಮೊದಲು ‘ಊರಿಗೆ ಬರುತ್ತೇನೆ’ ಎನ್ನುತ್ತಿದ್ದ. ಈಗ ‘ಇಂಡಿಯಾಕ್ಕೆ ಬರುತ್ತೇನೆ’ ಎನ್ನುತ್ತಾನೆ. ವಿಮಾನದಲ್ಲಿ ಅವನ ದಾರಿ ಒಂದೇ ದಿನದ್ದು. ಆದರೂ ಆ ಮಾತು ಕೇಳಿದಾಗ, ಹಡಗಿನ ಕಾಲದ ದೂರವೇ ಕಡಿಮೆಯಿತ್ತೆಂದು ನನಗೆ ತೋರುತ್ತದೆ.