ಗಣಕಯಂತ್ರದ ನಿದ್ರೆ: ಒಂದು ಚಾರಿತ್ರಿಕ ವಿವೇಚನೆ

ಮುರುಗಮಲ್ಲವು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಬಂದಿತು. ಬಂದುದು ಚಿನ್ನದ ಗಣಿಗಳಿಗಾಗಿ, ಹಳ್ಳಿಗಳಿಗಲ್ಲ. ಗಣಿಯ ಯಂತ್ರಗಳಿಗೆ ನಿದ್ರೆ ಬೇಕಿರಲಿಲ್ಲ. ಇಂದು ಮುರುಗಮಲ್ಲದಂತಹ ಊರುಗಳಲ್ಲಿಯೂ ಬಳಕೆಯಲ್ಲಿರುವ ಗಣಕಯಂತ್ರಕ್ಕಾದರೋ, ಹತ್ತು ನಿಮಿಷ ಮುಟ್ಟದಿದ್ದರೆ ಮಲಗೆಂದು ವಿಧಿಸಬಹುದು. ಹಾಗೆ ವಿಧಿಸಿದರೂ ಅದು ಇರುಳೆಲ್ಲ ಎಚ್ಚರವಿದ್ದು ವಿದ್ಯುತ್ತನ್ನು ವ್ಯಯಮಾಡುವುದುಂಟು. ಇದನ್ನು ಕೇವಲ ಯಂತ್ರದೋಷವೆನ್ನುವುದು ನಮಗೆ ಸಮ್ಮತವಲ್ಲ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ರೂಪಿಸಿದ ‘ಎ.ಪಿ.ಎಂ.’ ಪದ್ಧತಿಯಲ್ಲಿ ನಿದ್ರೆಯ ನಿರ್ಣಯವು ಬಹುಮಟ್ಟಿಗೆ ಬಯಾಸಿನದಾಗಿದ್ದಿತು. ಬಳಸುವವನು ಏನು ಮಾಡುತ್ತಿರುವನೆಂಬುದು ಅದಕ್ಕೆ ಸರಿಯಾಗಿ ತಿಳಿಯದು. 1996ರ ಡಿಸೆಂಬರಿನಲ್ಲಿ, ತೋಷಿಬಾ ಸಂಸ್ಥೆಯೂ ಕೂಡಿಕೊಂಡು ಪ್ರಕಟವಾದ ‘ಎ.ಸಿ.ಪಿ.ಐ.’ ಆ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ವಹಿಸಿತು. ಈ ಹೊಸ ಅಧಿಕಾರಿಯು ಆಶ್ರಿತರ ಮೊರೆಗೂ ಕಿವಿಗೊಡುವವನು: ಹಾಡು ನುಡಿಸುವ ತಂತ್ರಾಂಶವಾಗಲಿ, ಕಡತ ಇಳಿಸುವ ತಂತ್ರಾಂಶವಾಗಲಿ ‘ಈಗ ಬೇಡ’ ಎಂದರೆ ನಿದ್ರೆ ಮುಂದಕ್ಕೆ ಹೋಗುತ್ತದೆ. ಮಲಗಿದ ಯಂತ್ರವನ್ನು ಮೌಸಿನ ಅಲುಗಾಟವೋ ಜಾಲದ ಕಾರ್ಡೋ ಎಬ್ಬಿಸಿಬಿಡುವುದೂ ಉಂಟು.

ಆದುದರಿಂದ ವಿಧಿಯನ್ನು ಮತ್ತೆ ಮತ್ತೆ ಬದಲಿಸುವ ಮೊದಲು ತಡೆಯುತ್ತಿರುವವರಾರೆಂದು ವಿಚಾರಿಸುವುದು ಲೇಸು. 2009ರ ವಿಂಡೋಸ್ 7ರಿಂದೀಚೆಗೆ, ನಿರ್ವಾಹಕನ ಅಧಿಕಾರದಿಂದ ‘ಪವರ್‌ಸಿಎಫ್‌ಜಿ’ ಆದೇಶದೊಡನೆ ‘ರಿಕ್ವೆಸ್ಟ್ಸ್’ ಎಂದು ಸೇರಿಸಿ ಕೇಳಿದರೆ ತಡೆಯುತ್ತಿರುವ ತಂತ್ರಾಂಶದ ಹೆಸರನ್ನು ಯಂತ್ರವೇ ತಿಳಿಸುತ್ತದೆ. ‘ಲಾಸ್ಟ್‌ವೇಕ್’ ಎಂದು ಕೇಳಿದರೆ, ಕಡೆಯ ಬಾರಿ ಎಬ್ಬಿಸಿದ ಸಾಧನವನ್ನು.